ಬ್ಯಾಟರಿ ಯಾರದು ಅಂತ ಮೊದಲು ಕೇಳಿ

ಕೋಲಾರದ ಕ್ಲಾಕ್ ಟವರ್ ಹತ್ತಿರದ ಒಂದು ಓಣಿಯಲ್ಲಿ 1985ರಿಂದ ಮೂವತ್ತೈದು ವರ್ಷ ನಾನು ಬ್ಯಾಟರಿ ಅಂಗಡಿ ಇಟ್ಟಿದ್ದೆ. ಆಸಿಡ್ ಹಾರಿ ತೂತು ಬೀಳದ ಷರ್ಟು ನನ್ನ ಹತ್ತಿರ ಒಂದೂ ಇರಲಿಲ್ಲ. ಮದುವೆ ಮುಂಜಿಗೆ ಅಂತ ಒಂದೇ ಒಂದು ಬಿಳಿ ಷರ್ಟನ್ನು ನನ್ನ ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತಿದ್ದಳು. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ, ನಾನು ಈ ಪುಟ ನೋಡಿಕೊಳ್ಳುತ್ತೇನೆ.

ಹೋದ ತಿಂಗಳು ಇನ್ವರ್ಟರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕುವ ವಿಚಾರ ಬರೆದು, ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೆ. ಎಲೆಕ್ಟ್ರಿಕ್ ಗಾಡಿಯ ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಹಾಕಿಸಿಕೊಂಡು ಹೋಗುವ ಸ್ವಾಪಿಂಗ್ ಬಗ್ಗೆ ಯಾರಿಗಾದರೂ ಕೇಳೋದಿದ್ದರೆ ಬರೆಯಿರಿ ಅಂತ. ಈ ಸಲ ಬಂದ ಪತ್ರಗಳೆಲ್ಲ ಅದರ ಮೇಲೇ. ಇನ್ವರ್ಟರ್‌ನವರು ಒಂದು ತಿಂಗಳು ತಡೆದುಕೊಳ್ಳಿ.

ಬಂಗಾರಪೇಟೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ, ಬೀನ್ಸ್ ಸಾಗಿಸುತ್ತೇನೆ. ದಿನಕ್ಕೆ ಎರಡು ಟ್ರಿಪ್, ಎಲ್ಲ ಸೇರಿ 70 ಕಿ.ಮೀ. ಎಲೆಕ್ಟ್ರಿಕ್ ಲಗೇಜ್ ಆಟೊ ತಗೋಬೇಕು ಅಂತಿದ್ದೇನೆ. ಬ್ಯಾಟರಿ ಇಲ್ಲದೆ ಗಾಡಿ ತಗೊಂಡರೆ ಬಹಳ ಕಡಿಮೆಗೆ ಬರುತ್ತೆ, ಬ್ಯಾಟರಿ ಬಾಡಿಗೆಗೆ ಸಿಗುತ್ತೆ ಅಂತ ಪರಿಚಯದವರು ಹೇಳಿದರು. ನಿಜವಾ? ಇದರಲ್ಲಿ ಮೋಸ ಏನಾದರೂ ಇದೆಯಾ? ರಾತ್ರಿ ಗಾಡಿ ನಿಲ್ಲಿಸೋಕೆ ಮನೆ ಮುಂದೆ ಜಾಗ ಇದೆ. ಗೃಹಜ್ಯೋತಿ ಇದೆ, ಮನೆ ಚಾರ್ಜಿಂಗ್ ಫ್ರೀ.
*— ತರಕಾರಿ ಸಾಗಿಸುವವರು, ಬಂಗಾರಪೇಟೆ*

ನಿಜ. ಮೋಸವೂ ಅಲ್ಲ. ಬ್ಯಾಟರಿ ಇಲ್ಲದ ಎಲೆಕ್ಟ್ರಿಕ್ ಗಾಡಿಯನ್ನೂ ಮಾರಬಹುದು, ನೋಂದಣಿ ಮಾಡಿಸಬಹುದು ಅಂತ 2020ರ ಆಗಸ್ಟ್‌ನಲ್ಲೇ ಕೇಂದ್ರದ ಸಾರಿಗೆ ಸಚಿವಾಲಯ ಹೇಳಿದೆ. ಗಾಡಿಯ ಬೆಲೆಯಲ್ಲಿ ಸುಮಾರು ಮೂರನೇ ಒಂದು ಭಾಗ, ಕೆಲವದರಲ್ಲಿ ಇನ್ನೂ ಜಾಸ್ತಿ, ಬ್ಯಾಟರಿಯದ್ದೇ. ಅದನ್ನು ತೆಗೆದರೆ ಬೆಲೆ ಇಳಿಯಲೇಬೇಕು. ಎತ್ತು ಬಿಟ್ಟು ಬರೀ ಗಾಡಿ ಕೊಂಡ ಹಾಗೆ. ಎತ್ತು ಯಾರ ಕೊಟ್ಟಿಗೆಯಲ್ಲಿದೆ, ಆ ಕೊಟ್ಟಿಗೆ ನಿಮ್ಮ ಮನೆಗೆ ಎಷ್ಟು ದೂರ, ಅದನ್ನು ಕೇಳಿದಿರಾ?

ನಿಮ್ಮ ದಾರಿಯಲ್ಲಿ ಆ ಕಂಪನಿಯ ಸ್ವಾಪಿಂಗ್ ಸ್ಟೇಷನ್ ಎಷ್ಟಿವೆ ಅಂತ ನೀವೇ ಬೈಕಿನಲ್ಲಿ ಹೋಗಿ ನೋಡಿ ಬನ್ನಿ. ಫೋನಿನ ನಕ್ಷೆಯಲ್ಲಿ ಚುಕ್ಕೆ ಕಂಡರೆ ಸಾಲದು. ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಗಿ ನೋಡಿ, ಯಾಕೆಂದರೆ ನಿಮ್ಮ ಟೊಮೆಟೊ ಹೊರಡೋದು ಆಗಲೇ ಅಲ್ವಾ? ಒಂದೇ ಒಂದು ಸ್ಟೇಷನ್ ಇದ್ದರೆ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನೀವು ಅದರ ಸುತ್ತಲೇ ಸುತ್ತಬೇಕು. ಅದು ಮುಚ್ಚಿದ ದಿನ ನಿಮ್ಮ ಗಾಡಿ ಬರೀ ತಗಡು.

ನಿಮ್ಮ ಓಟಕ್ಕೆ ಸ್ವಾಪಿಂಗ್ ಬೇಕೇ ಇಲ್ಲ ಅಂತ ನನಗನ್ನಿಸುತ್ತೆ. ದಿನಕ್ಕೆ ನೂರಿಪ್ಪತ್ತು, ನೂರೈವತ್ತು ಕಿ.ಮೀ. ಓಡುವವರು, ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿದ್ದು ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸುವವರು, ಅವರಿಗೆ ಅದು ವರ. ನಿಮ್ಮದು 70 ಕಿ.ಮೀ. ಮನೆ ಮುಂದೆ ಜಾಗವಿದೆ, ರಾತ್ರಿಯೆಲ್ಲ ಗಾಡಿ ನಿಂತಿರುತ್ತೆ. ಬ್ಯಾಟರಿ ಸಮೇತ ತಗೊಂಡು ಮನೆಯಲ್ಲೇ ಚಾರ್ಜ್ ಮಾಡಿ.

ಇನ್ನೊಂದು ಲೆಕ್ಕ. ಬ್ಯಾಟರಿ ಸಮೇತ ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ ನೂರಕ್ಕೆ 5. ಲಿಥಿಯಂ ಬ್ಯಾಟರಿಯೊಂದನ್ನೇ ಬೇರೆಯಾಗಿ ಕೊಂಡರೆ 18. ಈಗ ಬರೀ ಗಾಡಿ ತಗೊಂಡು, ಎರಡು ವರ್ಷ ಕಳೆದ ಮೇಲೆ ಬಾಡಿಗೆ ಬೇಜಾರಾಗಿ ಸ್ವಂತ ಬ್ಯಾಟರಿ ಹಾಕಿಸೋಣ ಅಂದರೆ ತೆರಿಗೆಯೇ ಜಾಸ್ತಿ. ಗಾಡಿ ಮಾರುವಾಗಲೂ ಅಷ್ಟೇ. ಬ್ಯಾಟರಿ ಇಲ್ಲದ ಗಾಡಿಯನ್ನು ಆ ಸ್ಟೇಷನ್ ಪಕ್ಕದವರು ಬಿಟ್ಟು ಬೇರೆ ಯಾರು ಕೊಳ್ಳುತ್ತಾರೆ?

ಪತ್ರದ ಕೊನೆಯಲ್ಲಿ "ಗೃಹಜ್ಯೋತಿ ಇದೆ, ಮನೆ ಚಾರ್ಜಿಂಗ್ ಫ್ರೀ" ಅಂತ ಬರೆದಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಆ ಯೋಜನೆಯಲ್ಲಿ ನಿಮಗೆ ಬಿಟ್ಟಿಯಾಗಿ ಸಿಗೋದು ನಿಮ್ಮ ಹಳೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ನೂರಕ್ಕೆ ಹತ್ತು. ಮನೆಗೆ ತಿಂಗಳಿಗೆ 60 ಯೂನಿಟ್ ಆಗುತ್ತಿದ್ದರೆ 66. ಲೋಡ್ ಹೊತ್ತ ಆಟೊಗೆ 70 ಕಿ.ಮೀ.ಗೆ ಆರೇಳು ಯೂನಿಟ್ ಬೇಕು. ತಿಂಗಳಿಗೆ 26 ದಿನ ಅಂದರೂ 170 ಆಯಿತು. ಮನೆಯ 60 ಸೇರಿದರೆ 230. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ, ಮನೆಯ ದೀಪದ್ದೂ ಸೇರಿ. ಬೆಸ್ಕಾಂನಲ್ಲಿ ಎಲೆಕ್ಟ್ರಿಕ್ ಗಾಡಿಯ ಚಾರ್ಜಿಂಗಿಗೇ ಬೇರೆ ದರ ಇದೆ. ಬೇರೆ ಮೀಟರ್‌ಗೆ ಅರ್ಜಿ ಹಾಕಿ. ದುಡ್ಡು ಕೊಟ್ಟರೂ ಡೀಸೆಲ್‌ಗಿಂತ ಎಷ್ಟೋ ಕಡಿಮೆ.

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ಬ್ಯಾಟರಿ ಬದಲಾಯಿಸುವ ಹೋಂಡಾ ಸ್ಕೂಟರ್ ನಮ್ಮಲ್ಲೇ ತಯಾರಾಯಿತು. ಆದರೆ ಮಾರಾಟ ಶುರು ಮಾಡಿದ್ದು ಬೆಂಗಳೂರು, ದೆಹಲಿ, ಮುಂಬೈನಲ್ಲಿ. ಕೋಲಾರದವರು ಏನು ಪಾಪ ಮಾಡಿದ್ದೆವು?
*— ಕಾರ್ಮಿಕರು, ನರಸಾಪುರ*

ಪಾಪ ಏನಿಲ್ಲ. ನಮ್ಮ ಜಿಲ್ಲೆಗೆ ಇದು ಅಭ್ಯಾಸ. ಚಿನ್ನ ಅಗೆದಿದ್ದು ಇಲ್ಲಿ, ಒಡವೆ ಮೆರೆದಿದ್ದು ಎಲ್ಲೋ.

ನೀವು ಹೇಳುತ್ತಿರೋದು ಆಕ್ಟಿವಾ ಇ. 2024ರ ನವೆಂಬರ್‌ನಲ್ಲಿ ತೋರಿಸಿದರು, 2025ರ ಜನವರಿಯಲ್ಲಿ ಬೆಲೆ ಹೇಳಿದರು. ಸೀಟಿನ ಕೆಳಗೆ ಎರಡು ಬ್ಯಾಟರಿ, ಒಂದೊಂದು 1.5 ಯೂನಿಟ್‌ನದ್ದು. ಕಂಪನಿ ಹೇಳುವ ಓಟ 102 ಕಿ.ಮೀ. ಮನೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ದಾರಿಯನ್ನೇ ಅದಕ್ಕೆ ಕೊಟ್ಟಿಲ್ಲ. ಸ್ಟೇಷನ್ನಿಗೇ ಹೋಗಬೇಕು. ಈಗ ಒಬ್ಬರು ಬೆಂಗಳೂರಿನಲ್ಲಿ ಬ್ಯಾಟರಿ ತುಂಬಿಸಿಕೊಂಡು ಕೋಲಾರದ ಬೀಗರ ಮನೆಗೆ ಬಂದರು ಅನ್ನಿ. ಬರೋಕೇ ಅರವತ್ತು ಕಿ.ಮೀ. ಮೇಲಾಯಿತು. ಇಲ್ಲಿ ಸ್ಟೇಷನ್ ಇಲ್ಲದಿದ್ದರೆ ಊಟ ಮಾಡಿ ವಾಪಸ್ ಹೊರಟವರು ಹೊಸಕೋಟೆ ಮುಟ್ಟೋದರೊಳಗೆ ತಳ್ಳಬೇಕು. ಅದಕ್ಕೇ ಸ್ಟೇಷನ್ ಒತ್ತಾಗಿರುವ ಕಡೆ ಮಾತ್ರ ಮೊದಲು ಮಾರುತ್ತಾರೆ. ಗಾಡಿ ಇಲ್ಲದೆ ಸ್ಟೇಷನ್ ನಡೆಯಲ್ಲ, ಸ್ಟೇಷನ್ ಇಲ್ಲದೆ ಗಾಡಿ ಓಡಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ.

ಅದೇ ಕಂಪನಿಯವರು ಜೊತೆಗೇ ಕ್ಯೂಸಿ1 ಅಂತ ಇನ್ನೊಂದು ಸ್ಕೂಟರ್ ತಂದರು. ಅದರ ಬ್ಯಾಟರಿ ಗಾಡಿಯಲ್ಲೇ ಇರುತ್ತೆ, ಮನೆಯಲ್ಲಿ ಚಾರ್ಜ್ ಮಾಡಬಹುದು. ಊರು ದಾಟದವರಿಗೆ ಅಂಥದ್ದೇ ಸಾಕು.

ಅಡುಗೆ ಗ್ಯಾಸ್ ಸಿಲಿಂಡರ್ ದೇಶಕ್ಕೆಲ್ಲ ಒಂದೇ ಥರ ಇದೆ. ಖಾಲಿ ಕೊಟ್ಟು ತುಂಬಿದ್ದು ತಗೋತೀವಿ. ಎಲ್ಲಾ ಎಲೆಕ್ಟ್ರಿಕ್ ಗಾಡಿಗೂ ಒಂದೇ ಬ್ಯಾಟರಿ ಅಂತ ಸರ್ಕಾರ ಯಾಕೆ ಮಾಡಬಾರದು?
*— ಶಾಲಾ ಮಾಸ್ತರು, ಶ್ರೀನಿವಾಸಪುರ*

ಮಾಸ್ತರೆ, ಮಾಡಬೇಕು ಅಂತ ಹೊರಟಿದ್ದರು. 2022ರ ಫೆಬ್ರುವರಿಯ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಅವರು ಸ್ವಾಪಿಂಗ್ ನೀತಿ ತರುತ್ತೇವೆ, ಒಬ್ಬರದ್ದು ಇನ್ನೊಬ್ಬರಿಗೆ ಹೊಂದುವ ಹಾಗೆ ಮಾನದಂಡ ಮಾಡುತ್ತೇವೆ ಅಂದರು. ಏಪ್ರಿಲ್‌ನಲ್ಲಿ ನೀತಿ ಆಯೋಗ ಕರಡನ್ನೂ ಹೊರತಂತು. ಆದರೆ ಒಂದೊಂದು ಕಂಪನಿಗೆ ಒಂದೊಂದು ಅಳತೆ, ಒಂದೊಂದು ಥರದ ಪಿನ್ನು, ಒಳಗೆ ಒಂದೊಂದು ಸಾಫ್ಟ್‌ವೇರ್. ಎಲ್ಲರಿಗೂ ಒಂದೇ ಅಂತ ಕಟ್ಟಿಹಾಕಿದರೆ ಹೊಸದು ಮಾಡೋದು ಹೇಗೆ ಅನ್ನೋದು ಕಂಪನಿಗಳ ವಾದ. ಪೂರ್ತಿ ಸುಳ್ಳೂ ಅಲ್ಲ.

ಆದರೆ ನಿಮ್ಮ ಸಿಲಿಂಡರ್ ಹೋಲಿಕೆಯಲ್ಲಿ ಒಂದು ತೊಡಕಿದೆ. ಸಿಲಿಂಡರ್ ಬಂದಾಗ ತಕ್ಕಡಿಗಿಟ್ಟರೆ ಒಳಗೆ 14.2 ಕೆ.ಜಿ. ಗ್ಯಾಸ್ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಹತ್ತು ವರ್ಷ ಹಳೆಯ ಸಿಲಿಂಡರ್‌ನ ಗ್ಯಾಸೂ ಅಷ್ಟೇ ಚೆನ್ನಾಗಿ ಉರಿಯುತ್ತೆ. ಬ್ಯಾಟರಿ ಹಾಗಲ್ಲ. ಹೊಸದೂ ಹತ್ತು ಕೆ.ಜಿ., ಸಾಯೋಕೆ ಬಿದ್ದಿದ್ದೂ ಹತ್ತು ಕೆ.ಜಿ. ಎರಡೂ ಫುಲ್ ಅಂತಲೇ ತೋರಿಸುತ್ತವೆ. ಒಂದು 50 ಕಿ.ಮೀ. ಓಡಿಸುತ್ತೆ, ಇನ್ನೊಂದು 35ಕ್ಕೇ ಕೈ ಎತ್ತುತ್ತೆ. ನಿಮ್ಮ ಹೊಸ ಬ್ಯಾಟರಿ ಕೊಟ್ಟು ಯಾರದೋ ಹಳೇದು ತಗೊಂಡರೆ?

ಇದು ನನಗೆ ಸ್ವಂತ ಅನುಭವ. ಸ್ವಾಪಿಂಗ್ ಅನ್ನೋ ಹೆಸರು ಈಗ ಬಂತು, ಆ ಕೆಲಸವನ್ನು ನಾವು ಆಗಲೇ ಮಾಡುತ್ತಿದ್ದೆವು. ಬ್ಯಾಟರಿ ಚಾರ್ಜಿಗೆ ಬಿಟ್ಟರೆ ಒಂದೂವರೆ ದಿನ ಬೇಕು. ಅಲ್ಲಿವರೆಗೆ ಟ್ರ್ಯಾಕ್ಟರ್ ನಿಲ್ಲಿಸೋಕೆ ಆಗುತ್ತಾ? ಅದಕ್ಕೆ ನನ್ನ ಹತ್ತಿರ ಹನ್ನೆರಡು ಸ್ಪೇರ್ ಬ್ಯಾಟರಿ ಇದ್ದವು. ಪಕ್ಕಕ್ಕೆ ಕೆಂಪು ಪೇಂಟಿನಲ್ಲಿ 1ರಿಂದ 12ರವರೆಗೆ ನಂಬರ್. ನಿಮ್ಮದು ಬಿಟ್ಟು ನನ್ನದು ತಗೊಂಡು ಹೋಗಿ, ದಿನಕ್ಕೆ ಇಷ್ಟು ಬಾಡಿಗೆ.

ಒಂದು ಸಲ ಏಳನೇ ನಂಬರ್ ಇಪ್ಪತ್ತು ದಿನ ಬಿಟ್ಟು ವಾಪಸ್ ಬಂತು. ನಂಬರ್ ನನ್ನದೇ, ಪೇಂಟ್ ನನ್ನದೇ. ಪೂರ್ತಿ ಒಂದೂವರೆ ದಿನ ಚಾರ್ಜಿಗೆ ಹಾಕಿ, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಟ್ಟರೆ 1150 ಮೇಲೆ ಏಳಲೇ ಇಲ್ಲ. ಚೆನ್ನಾಗಿರುವ ಸೆಲ್ 1250 ತೋರಿಸಬೇಕು. ಆಗ ಕಪ್ಪು ರಬ್ಬರ್ ಡಬ್ಬದ ಬ್ಯಾಟರಿಗಳು, ಮೇಲೆ ಟಾರು ಕಾಸಿ ಹುಯ್ದು ಮುಚ್ಚುತ್ತಿದ್ದೆವು. ಬಗ್ಗಿ ನೋಡಿದರೆ ಟಾರು ಪಳಪಳ ಹೊಳೆಯುತ್ತಿದೆ. ನಾನು ಹುಯ್ದಿದ್ದು ಮೂರು ವರ್ಷದ ಹಿಂದೆ, ಮಂಕಾಗಿತ್ತು. ಯಾರೋ ಒಡೆದು, ಒಳ್ಳೆಯ ಪ್ಲೇಟುಗಳನ್ನು ಎತ್ತಿಕೊಂಡು, ಸತ್ತ ಪ್ಲೇಟುಗಳನ್ನು ತುಂಬಿ ಮತ್ತೆ ಮುಚ್ಚಿದ್ದರು. ತಗೊಂಡು ಹೋಗಿದ್ದವರನ್ನು ಕೇಳಿದೆ. "ನಂಬರ್ ನಿಮ್ಮದೇ ಅಲ್ವಾ?" ಅಂದರು. ಏನು ಹೇಳೋದು? ಆ ಮೇಲೆ ಪ್ರತಿ ಬ್ಯಾಟರಿಯ ಟಾರು ಆರುವ ಮೊದಲು ನನ್ನ ಹೆಬ್ಬೆಟ್ಟು ಒತ್ತಿ ಇಡೋಕೆ ಶುರು ಮಾಡಿದೆ. ಕೈ ಸುಟ್ಟುಕೊಂಡಿದ್ದು ಎಷ್ಟು ಸಲವೋ.

ಈಗಿನ ಲಿಥಿಯಂ ಬ್ಯಾಟರಿಯಲ್ಲಿ ಆ ಹೆಬ್ಬೆಟ್ಟಿನ ಕೆಲಸವನ್ನು ಬಿಎಂಎಸ್ ಅನ್ನುವ ಸರ್ಕ್ಯೂಟ್ ಮಾಡುತ್ತೆ. ಒಂದೊಂದು ಸೆಲ್ಲಿನ ವೋಲ್ಟೇಜು, ಬಿಸಿ, ಎಷ್ಟು ಸಲ ಚಾರ್ಜ್ ಆಯಿತು, ಎಲ್ಲ ಅದಕ್ಕೆ ಗೊತ್ತು. ಬ್ಯಾಟರಿ ಇಟ್ಟ ತಕ್ಷಣ ಸ್ಟೇಷನ್ ಅದನ್ನೆಲ್ಲ ಓದಿಕೊಳ್ಳುತ್ತೆ. ಇದು ಒಳ್ಳೆಯದೇ. ಆದರೆ ಆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ನೋಡಿ. ಬ್ಯಾಟರಿ ಕಂಪನಿಯದ್ದು, ಪುಸ್ತಕವೂ ಕಂಪನಿಯದ್ದು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನಂಬಲ್ಲ. ದೇಶಕ್ಕೆಲ್ಲ ಒಂದೇ ಬ್ಯಾಟರಿ ಬರೋಕೆ ಅಡ್ಡ ನಿಂತಿರೋದು ಡಬ್ಬದ ಅಳತೆಗಿಂತ ಹೆಚ್ಚಾಗಿ ಇದೇ ಅಂತ ನನ್ನ ಅನುಮಾನ. ಸವೆದ ಬ್ಯಾಟರಿಯ ನಷ್ಟ ಯಾರ ತಲೆಗೆ? ಇದನ್ನು ತೀರ್ಮಾನ ಮಾಡದೆ ಪಿನ್ನು ಒಂದೇ ಮಾಡಿದರೆ ಎಲ್ಲರ ಅಂಗಡಿಯಲ್ಲೂ ಏಳನೇ ನಂಬರ್‌ಗಳೇ ತುಂಬಿಕೊಳ್ಳುತ್ತವೆ.

ಈ ಐಡಿಯಾ ಮೊದಲು ಬಂದಿದ್ದು ಚೀನಾದಲ್ಲಾ, ಟೆಸ್ಲಾದಲ್ಲಾ? ಕಾಲೇಜಿನಲ್ಲಿ ಸೆಮಿನಾರ್ ಇದೆ.
*— ಡಿಪ್ಲೊಮಾ ವಿದ್ಯಾರ್ಥಿನಿ, ಕೆಜಿಎಫ್*

ಎರಡೂ ಅಲ್ಲಮ್ಮ. ನಿಮ್ಮ ಊರಿಗೆ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು 1902ರಲ್ಲಿ. ಅದಾಗಿ ಎಂಟೇ ವರ್ಷಕ್ಕೆ, 1910ರಲ್ಲಿ, ಅಮೆರಿಕದ ಹಾರ್ಟ್‌ಫರ್ಡ್ ಅನ್ನುವ ಊರಿನ ವಿದ್ಯುತ್ ಕಂಪನಿ ಇದನ್ನು ಶುರು ಮಾಡಿತು. ಎಲೆಕ್ಟ್ರಿಕ್ ಲಾರಿಯನ್ನು ಬ್ಯಾಟರಿ ಇಲ್ಲದೆ ಕೊಳ್ಳಬೇಕು, ಬ್ಯಾಟರಿ ಕರೆಂಟ್ ಕಂಪನಿಯದ್ದು. ತಿಂಗಳಿಗೆ ಇಷ್ಟು, ಓಡಿದ ಮೈಲಿಗೆ ಇಷ್ಟು. 1924ರವರೆಗೆ ನಡೆಯಿತು. ಆ ಲಾರಿಗಳೆಲ್ಲ ಸೇರಿ 60 ಲಕ್ಷ ಮೈಲಿಗೂ ಹೆಚ್ಚು ಓಡಿದವು.

ಸೋತವರ ಕಥೆಯನ್ನೂ ಸೆಮಿನಾರ್‌ನಲ್ಲಿ ಹೇಳು. ಇಸ್ರೇಲಿನ ಬೆಟರ್ ಪ್ಲೇಸ್ 2007ರಲ್ಲಿ ಹುಟ್ಟಿತು. ಕಾರನ್ನು ಮೇಲೆ ನಿಲ್ಲಿಸಿ, ಕೆಳಗಿನಿಂದ ಯಂತ್ರವೇ ಬ್ಯಾಟರಿ ಬಿಚ್ಚಿ ಹಾಕುವ ದೊಡ್ಡ ದೊಡ್ಡ ಸ್ಟೇಷನ್. ಅದಕ್ಕೆ ಹೊಂದುತ್ತಿದ್ದ ಕಾರು ರೆನೋದ ಒಂದೇ ಒಂದು ಮಾದರಿ. ಕಾರು ಮಾರಾಟವಾಗಲಿಲ್ಲ, 2013ರ ಮೇನಲ್ಲಿ ದಿವಾಳಿ. ಮುಂದಿನ ತಿಂಗಳೇ ಟೆಸ್ಲಾದವರು ವೇದಿಕೆ ಮೇಲೆ ಒಂದೂವರೆ ನಿಮಿಷದಲ್ಲಿ ಬ್ಯಾಟರಿ ಬದಲಾಯಿಸಿ ತೋರಿಸಿದರು. ಆಮೇಲೆ ಅವರೂ ಅದನ್ನು ಬಿಟ್ಟು ಫಾಸ್ಟ್ ಚಾರ್ಜರ್ ಹಿಂದೆ ಹೋದರು.

ಗೆದ್ದಿದ್ದು ಸಣ್ಣ ಗಾಡಿಯಲ್ಲಿ. ತೈವಾನಿನ ಗೊಗೊರೊ 2015ರಲ್ಲಿ ಸ್ಕೂಟರ್ ತಂದಿತು. ಬ್ಯಾಟರಿ ಕೈಯಲ್ಲೇ ಎತ್ತುವಷ್ಟು ತೂಕ, ಪೇಟೆಯಲ್ಲಿ ಬೀದಿ ಬೀದಿಗೂ ಸ್ಟೇಷನ್. ಯಮಹಾದವರೂ ಅದೇ ಬ್ಯಾಟರಿಗೆ ಹೊಂದುವ ಸ್ಕೂಟರ್ ಮಾಡಿದರು. ಚೀನಾದಲ್ಲಿ ನಿಯೋ ಕಂಪನಿ ಕಾರಿನಲ್ಲೂ ನಡೆಸುತ್ತಿದೆ. ನಮ್ಮಲ್ಲಿ ಹೇಳಬೇಕೆಂದರೆ, 2001ರಲ್ಲಿ ಬೆಂಗಳೂರಿನಿಂದ ರೇವಾ ಕಾರು ತಂದ ಚೇತನ್ ಮೈನಿ ಅವರೇ 2017ರಲ್ಲಿ ಸ್ವಾಪಿಂಗಿಗಾಗಿ ಸನ್ ಮೊಬಿಲಿಟಿ ಕಟ್ಟಿದರು. ರೇವಾ ನಮ್ಮ ಅಂಗಡಿಗೂ ಒಮ್ಮೆ ಬಂದಿತ್ತು. ಲೆಡ್ ಆಸಿಡ್ ಬ್ಯಾಟರಿ. ಸೀಟ್ ಎತ್ತಿ ನೋಡಿ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಟೇಕಲ್ ರಸ್ತೆಯಲ್ಲಿ ನನ್ನದೊಂದು ಪ್ರಾವಿಷನ್ ಸ್ಟೋರ್ ಇದೆ. ಅಂಗಡಿ ಮುಂದೆ ಸ್ವಾಪಿಂಗ್ ಪೆಟ್ಟಿಗೆ ಇಡೋಕೆ ಜಾಗ ಕೊಡಿ ಅಂತ ಕೇಳುತ್ತಿದ್ದಾರೆ. ಕೊಡಬಹುದಾ?
*— ಅಂಗಡಿಯವರು, ಕೋಲಾರ*

ಕೊಡಬಹುದು. ಕರೆಂಟ್ ಲೆಕ್ಕ ಮಾತ್ರ ಮೊದಲು ಮಾಡಿ. ಒಂದೂವರೆ ಯೂನಿಟ್ ಹಿಡಿಯುವ ಬ್ಯಾಟರಿಯನ್ನು ಎರಡೂವರೆ ಗಂಟೆಯಲ್ಲಿ ತುಂಬಿಸಬೇಕಾದರೆ ಒಂದು ಗೂಡಿಗೆ 600 ವ್ಯಾಟ್ ಮೇಲೆ ಬೇಕು. ಹತ್ತು ಗೂಡಿನ ಪೆಟ್ಟಿಗೆ ಅಂದರೆ 6ರಿಂದ 7 ಕಿಲೋವ್ಯಾಟ್. ನಿಮ್ಮ ಅಂಗಡಿಗೆ ಫ್ರಿಜ್ಜು, ಎರಡು ಫ್ಯಾನಿಗೆ ಅಂತ ತಗೊಂಡ ಲೋಡ್ ಸಾಲದು. ಥ್ರೀ ಫೇಸ್, ಬೇರೆ ಮೀಟರ್, ಮತ್ತು ಅದು ಅವರ ಹೆಸರಿನಲ್ಲೇ ಇರಲಿ. ಬಿಲ್ ಕಟ್ಟೋದು ಯಾರು ಅನ್ನೋದು ಬಾಯಿಮಾತಿನಲ್ಲಿ ಬೇಡ, ಕರಾರಿನಲ್ಲಿ ಬರೆಸಿ.

ತಗಡಿನ ಶೀಟ್ ಕೆಳಗೆ ಇಡೋಕೆ ಬಿಡಬೇಡಿ. ಲಿಥಿಯಂಗೆ ಬಿಸಿ ಅಂದರೆ ಆಗಲ್ಲ. ಏಪ್ರಿಲ್ ಮಧ್ಯಾಹ್ನ ಆ ಶೀಟ್ ಕೆಳಗೆ ನಿಮಗೇ ಕೂರೋಕೆ ಆಗಲ್ಲ, ಬ್ಯಾಟರಿಗೆ ಆಗುತ್ತಾ?

ಹಾಗೇ ಎಷ್ಟು ಗಾಡಿಗೆ ಎಷ್ಟು ಬ್ಯಾಟರಿ ಇಡುತ್ತಾರೆ ಅಂತ ಕೇಳಿ. ಹತ್ತು ಗೂಡು ಅಂದರೆ ಹತ್ತು ಜನಕ್ಕೆ ಸಾಕು ಅಂತಲ್ಲ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಮೊದಲು ಬಂದ ಐದಾರು ಜನ ತುಂಬಿದ್ದು ಎತ್ತಿಕೊಂಡು ಹೋದರೆ ಏಳನೆಯವರಿಗೆ ಅರ್ಧ ತುಂಬಿದ್ದು. ಅವರು ಬೈಯೋದು ಕಂಪನಿಯನ್ನಲ್ಲ, ಗಲ್ಲಾದಲ್ಲಿ ಕೂತ ನಿಮ್ಮನ್ನು. ಶಿವರಾತ್ರಿಗೆ ಮೈಕ್ ಸೆಟ್‌ನವರೆಲ್ಲ ಒಂದೇ ಸಂಜೆ ನನ್ನ ಹನ್ನೆರಡು ಬ್ಯಾಟರಿಗೆ ಮುತ್ತಿಕೊಂಡಾಗ ನಾನು ಹಿಂದಿನ ಬಾಗಿಲಿನಿಂದ ಹೋಗಿದ್ದೂ ಇದೆ.

ಒಂದು ಕಂಪನಿಯ ಸ್ಕೂಟರಿಗೆ ಇನ್ನೊಂದು ಕಂಪನಿಯ ಬ್ಯಾಟರಿ ಹೊಂದಿಸಿ ಕೊಡುತ್ತೇನೆ ಅಂತ ನಮ್ಮೂರ ಮೆಕ್ಯಾನಿಕ್ ಹೇಳುತ್ತಾನೆ. ಮಾಡಿಸಲಾ?
*— ಓದುಗರು, ಮಾಲೂರು*

ಬೇಡ. 2022ರಲ್ಲಿ ದೇಶದಲ್ಲಿ ಎಷ್ಟೋ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿದ್ದಾರೆ. ಪಾಸಾಗೋದು ಆ ಬ್ಯಾಟರಿ, ಆ ಚಾರ್ಜರ್. ವಯರ್ ಕತ್ತರಿಸಿ ಟೇಪ್ ಸುತ್ತಿದ ಮೇಲೆ ಅದು ಯಾವ ಪರೀಕ್ಷೆಯೂ ಆಗದ ಹೊಸ ವಸ್ತು. ಈಗಿರುವ ಬ್ಯಾಟರಿ ಬಿಚ್ಚಿ ಮನೆಯೊಳಗೆ ತರುವಂಥದ್ದಾದರೆ, ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಆರಲಿ. ಬಾಗಿಲ ಹತ್ತಿರ, ಮೆಟ್ಟಿಲ ಕೆಳಗೆ ಇಡಬೇಡಿ. ಓಡಿ ಹೋಗುವ ದಾರಿಯಲ್ಲೇ ಬೆಂಕಿ ಇರಬಾರದು.

ಕರೆಂಟ್ ಹೋದಾಗ ಸ್ವಾಪಿಂಗ್ ಬ್ಯಾಟರಿ ತಂದು ಮನೆಯ ಟಿವಿ ಹಾಕಿಕೊಳ್ಳಬಹುದಾ? ತಮಾಷೆಗೆ ಕೇಳುತ್ತಿಲ್ಲ.
*— ಓದುಗರು, ಮುಳಬಾಗಿಲು*

ತಮಾಷೆ ಅಂತ ನಾನೂ ಅಂದುಕೊಂಡಿಲ್ಲ. ಆದರೆ ಆಗಲ್ಲ. ಗುರುತಿನ ಗಾಡಿ ಅಥವಾ ಸ್ಟೇಷನ್ ಸಿಗದಿದ್ದರೆ ಇಂಥ ಬ್ಯಾಟರಿಗಳು ಸಾಮಾನ್ಯವಾಗಿ ಕರೆಂಟನ್ನೇ ಬಿಡಲ್ಲ. ಬಿಟ್ಟರೂ ಬ್ಯಾಟರಿ ನಿಮ್ಮದಲ್ಲ, ಬಾಡಿಗೆಯದು.

ನಮ್ಮ ಕಾಲದಲ್ಲಿ ಇಂಥ ತೊಂದರೆ ಇರಲಿಲ್ಲ. 1987, 88ರಲ್ಲಿ ಭಾನುವಾರ ಬೆಳಗಿನ ಧಾರಾವಾಹಿಗೆ ಊರೂರಿನವರು ಶನಿವಾರ ಸಂಜೆಯೇ ಬಂದು ನನ್ನ ಹನ್ನೆರಡೂ ಸ್ಪೇರ್ ಬ್ಯಾಟರಿ ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗುತ್ತಿದ್ದರು. ಹನ್ನೆರಡು ವೋಲ್ಟಿನ ಕಪ್ಪು ಬಿಳುಪು ಟಿವಿ, ಮುಂದೆ ಇಡೀ ಊರು. ಬಾಡಿಗೆ ಐದು ರೂಪಾಯಿ. ಮಧ್ಯಾಹ್ನ ಹನ್ನೆರಡರೊಳಗೆ ವಾಪಸ್ ತಂದುಕೊಡಬೇಕು ಅಂತ ಹೇಳಿ ಕಳಿಸುತ್ತಿದ್ದೆ. ಅವತ್ತು ಕ್ರಿಕೆಟ್ ಏನಾದರೂ ಇದ್ದರೆ ಒಂದೂ ಬರುತ್ತಿರಲಿಲ್ಲ.